ಚಿಲ್‌ಬೊಕ್ ಅವರ ಬೂಟು

ಅಕ್ಟೋಬರ್ 5, ಗುರುವಾರ

ನಿದ್ದೆ ಬರ್ತಿಲ್ಲ ಅಂತ ಆರೋಗ್ಯ ಕೇಂದ್ರಕ್ಕೆ ಹೋದರೆ ಡಾಕ್ಟರಮ್ಮ ಮಾತ್ರೆ ಕೊಡಲಿಲ್ಲ. "ಮಲಗೋ ಮುಂಚೆ ಮನಸ್ಸಲ್ಲಿರೋದನ್ನ ಬರೆದಿಡಿ ಮಾಲ್‌ಹೀ ಅವ್ರೇ" ಅಂದಳು. ಅರವತ್ತಮೂರನೇ ವಯಸ್ಸಿಗೆ ಕಾಪಿ ಬರೆಯೋ ಶಿಕ್ಷೆ. ದಾರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದ ಡೈರಿ ಖಾಲಿ ಬಿದ್ದಿತ್ತು, ಅದನ್ನೇ ತೆಗೆದಿದ್ದೀನಿ. ಯಾರೂ ಓದೋದಿಲ್ಲವಲ್ಲ, ಅಕ್ಷರ ಹೇಗಿದ್ದರೇನು.

ಮಧ್ಯಾಹ್ನ ಮೇಲಿನ ಮನೆಯ ಹುಡುಗಿ ಸೋದಾಮ್ ನನ್ನ ಹೊಲಿಗೆ ಅಂಗಡಿಗೆ ಬಂದಳು. ಬಾಡಿಗೆಗೆ ಬಂದು ಮೂರು ತಿಂಗಳಾಯ್ತು, ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತಾಳೆ. ಸುಮ್ಮನೆ ನಿಂತು ತೋಳಿನ ಗುಂಡಿ ತಿರುಗಿಸ್ತಾ ಇದ್ದಳು. ಗುಂಡಿ ಕಿತ್ತು ಬರುತ್ತೆ ಅಂತ ನಾನೇ ಕೇಳಿದೆ, ಏನಮ್ಮಾ ಅಂತ.

"ಮನೆಯೊಡತಿಯಮ್ಮಾ, ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಯಾರೋ ನನ್ನ ಬಾಗಿಲಿನ ನಂಬರ್ ಬೀಗ ಒತ್ತಿದ್ರು. ನಾಲ್ಕು ಸಲ ಟಕ್ ಟಕ್ ಅಂತು, ಆಮೇಲೆ ತಪ್ಪು ನಂಬರ್ ಅಂತ ಕೂಗ್ತು. ಯಾರು ಅಂದೆ. ಮಾತಿಲ್ಲ. ಮೆಟ್ಟಿಲು ಇಳಿದ ಶಬ್ದ ಅಷ್ಟೇ. ಒಂದು ತಿಂಗಳೊಳಗೆ ಇದು ಎರಡನೇ ಸಲ."

ಅವಳ ಅಮ್ಮ ಟೊಂಗ್ಯೊಂಗ್ ಊರಲ್ಲಿ ಸಮುದ್ರದ ಸಿಂಪಿಯ ಚಿಪ್ಪು ಬಿಡಿಸೋ ಕೆಲಸ ಮಾಡ್ತಾಳಂತೆ. ವಿಷಯ ಕೇಳಿ, "ಇನ್ನೊಂದು ಸಲ ಹೀಗಾದ್ರೆ ಕೆಲಸ ಬಿಟ್ಟು ಊರಿಗೆ ಬಾ, ನಾನೇ ಬಂದು ಸಾಮಾನು ಕಟ್ತೀನಿ" ಅಂದಳಂತೆ. ಈ ಕೆಲಸಕ್ಕೆ ಹುಡುಗಿ ಆರು ವರ್ಷ ತಲೆ ಬಗ್ಗಿಸಿ ಓದಿದ್ದಾಳೆ.

ಆಮೇಲೆ ಬಂದ ಕಾರಣ ಹೇಳಿದಳು. "ನಿಮ್ಮ ಯಜಮಾನರ ಹಳೇ ಶೂ ಏನಾದ್ರೂ ಇದ್ರೆ ಕೊಡ್ತೀರಾ? ಮನೇಲಿ ಗಂಡಸು ಇದಾನೆ ಅನ್ನಿಸ್ಲಿ ಅಂತ ಒಂಟಿ ಇರೋ ಹುಡುಗೀರೆಲ್ಲಾ ಬಾಗಿಲ ಹತ್ರ ಗಂಡಸರ ಶೂ ಇಡ್ತಾರೆ."

ನನ್ನ ಬಾಗಿಲಲ್ಲೂ ಅವರ ಚಪ್ಪಲಿ ಇನ್ನೂ ಇದೆ. ಪಾಪ ಮಾಲ್‌ಹೀ, ಗಂಡ ಹೋಗಿ ಎರಡು ವರ್ಷವಾದರೂ ಮರೆತಿಲ್ಲ ಅಂತಾರೆ ಜನ. ಅರ್ಧ ನಿಜ. ಇನ್ನರ್ಧ ಈ ಹುಡುಗಿಗಿರೋ ಭಯವೇ, ನಂಗೂ. ಅದನ್ನ ಯಾರಿಗೆ ಹೇಳಲಿ!

ಹಡಗು ಕಾರ್ಖಾನೆಗೆ ಅವರು ಹಾಕ್ಕೊಂಡು ಹೋಗ್ತಿದ್ದ ಬೂಟು ಬೀರುವಿನ ಮೇಲಿತ್ತು. ಮುಂದಕ್ಕೆ ಕಬ್ಬಿಣ ಇರೋದು, ಒಂದೊಂದೂ ಒಂದು ಕುಂಬಳಕಾಯಿ ಭಾರ. ತಿಂಗಳಿಗೊಮ್ಮೆ ಪಾಲಿಶ್ ಮಾಡಿ ಇಡ್ತೀನಿ. ಕೊಟ್ಟೆ. "ಇಟ್ಕೋ. ಆದ್ರೆ ಒದ್ದು ಗಿದ್ದು ಮಾಡ್ಬೇಡ" ಅಂದೆ.

ಬೀಗ ಮೂರು ಸಲ ನೋಡಿದೆ. ದೀಪ ಹಾಗೇ ಇರಲಿ. ದೊಡ್ಡ ಕತ್ತರಿ ದಿಂಬಿನ ಕೆಳಗೆ.

ಅಕ್ಟೋಬರ್ 7, ಶನಿವಾರ

ಇವತ್ತು ಜೀವ ಬಾಯಿಗೆ ಬಂತು. ತಾಕ್ ಅವರ ಕೋಟಿಗೆ ಗುಂಡಿ ಹಾಕ್ತಾ ಕೂತಿದ್ದೆ, ಬೀದಿಯಿಂದ ಯಾರೋ ಕೂಗಿದರು: "ಪ್ಯೋ ಚಿಲ್‌ಬೊಕ್ ಅವ್ರೇ! ಪಾರ್ಸೆಲ್!"

ಸೂಜಿ ಬೆರಳಿಗೆ ಚುಚ್ಚಿತು. ಎರಡು ವರ್ಷದ ಮೇಲೆ ನಮ್ಮೆಜಮಾನರ ಹೆಸರನ್ನ ಹೀಗೆ ಬೀದಿಯಲ್ಲಿ, ಬದುಕಿರೋರನ್ನ ಕರೆದ ಹಾಗೆ. ಹೊರಗೆ ಓಡಿದರೆ ಪಾರ್ಸೆಲ್ ಹುಡುಗ ಪೆಟ್ಟಿಗೆ ಹಿಡ್ಕೊಂಡು ನಿಂತಿದ್ದಾನೆ. ಸೋದಾಮ್ ತನ್ನ ಹೆಸರು ಹಾಕೋದಕ್ಕೆ ಹೆದರಿ ಅವರ ಹೆಸರಲ್ಲಿ ತರಿಸಿದ್ದಾಳೆ! ಏನು ಹೇಳಲಿ? "ಸ್ನಾನ ಮಾಡ್ತಿದಾರೆ, ನಂಗೇ ಕೊಡಿ" ಅಂದುಬಿಟ್ಟೆ. ಬದುಕಿದ್ದಾಗ ವಾರಕ್ಕೊಮ್ಮೆ ಸ್ನಾನ ಮಾಡಿಸೋಕೆ ಎಷ್ಟು ಒದ್ದಾಡಿದ್ದೀನಿ. ಒಳಗೆ ಬಂದು ಒಬ್ಬಳೇ ನಕ್ಕೆ, ಆಮೇಲೆ ಸ್ವಲ್ಪ ಅತ್ತೆ.

ತಾಕ್ ಅವರು ಅಲ್ಲೇ ಕೂತಿದ್ದರು. ಮೂರನೇ ಮನೆಗೆ ಬೇಸಿಗೆಯಲ್ಲಿ ಬಂದವರು, ಮರ್ಯಾದಸ್ಥರು. ಎರಡೂ ಕೈಯಲ್ಲಿ ಕೋಟು ಕೊಡ್ತಾರೆ, ಬರುವಾಗ ಕಿತ್ತಳೆ ತರ್ತಾರೆ. "ಮೇಲೆ ಗಂಡಸರು ಇದಾರಾ? ನಂಗೆ ಗೊತ್ತೇ ಇರಲಿಲ್ಲ" ಅಂದರು. ನಮ್ಮೆಜಮಾನರ ತಮ್ಮ ಬಂದಿದ್ದಾನೆ ಅಂತ ಏನೋ ಒಂದು ಸುಳ್ಳು ಹೇಳಿದೆ. ಒಂದು ಸುಳ್ಳಿಗೆ ಒಂಬತ್ತು ಸುಳ್ಳು.

ಬೀಗ ಮೂರು ಸಲ. ದೀಪ.

ಅಕ್ಟೋಬರ್ 10, ಮಂಗಳವಾರ

ಬಡಾವಣೆಯ ಕಚೇರಿಯಲ್ಲಿ ಹೆಂಗಸರಿಗೆ ಆತ್ಮರಕ್ಷಣೆ ತರಗತಿಯಂತೆ, ಪ್ರತಿ ಮಂಗಳವಾರ ಸಂಜೆ ಐದಕ್ಕೆ. ಸೋದಾಮ್ ಹೆಸರು ಕೊಟ್ಟಳು. ಹುಡುಗಿ ಒಬ್ಬಳೇ ಹೋಗೋದು ಬೇಡ ಅಂತ ನಾನೂ ಹೋದೆ, ಅಷ್ಟೇ. ನನಗೇನು ಅದರ ಅವಶ್ಯಕತೆ ಇಲ್ಲ. ಎದುರು ಮನೆ ಬೊಕ್‌ಸಿಲ್ ಅಕ್ಕ ಬಿಟ್ಟಿ ಅಂದರೆ ಎಲ್ಲಿಗಾದರೂ ಬರ್ತಾಳೆ, ಅವಳೂ ಬಂದಳು. ಎಪ್ಪತ್ತು ತುಂಬಿದೆ, ಬಾಯಿ ಮಾತ್ರ ಇಪ್ಪತ್ತರದ್ದು.

ಕಲಿಸೋಳು ಮಾ ಟೀಚರ್. ವಯಸ್ಸಿನಲ್ಲಿ ಕುಸ್ತಿ ಆಡಿದವಳು, ಈಗ ಬಂದರಿನ ಹತ್ತಿರ ಮೀನಿನ ಸಾರಿನ ಹೋಟೆಲ್ ಇಟ್ಟಿದ್ದಾಳೆ. ಅಂಗಳದಲ್ಲಿ ಇಡೋ ಕಿಮ್ಚಿ ಉಪ್ಪಿನಕಾಯಿಯ ಜಾಡಿ ಹಾಗೆ ನಿಂತರೆ ಅಲ್ಲಾಡೋದಿಲ್ಲ.

"ಹೊಡೆಯೋದು ಆಮೇಲೆ ಕಲಿಸ್ತೀನಿ. ಮೊದಲು ಮೂರು ಮಾತು. ದೂರ ನಿಲ್ಲಿ. ದನಿ ತೆಗೀರಿ. ದಾರಿ ಸಿಕ್ಕಿದ ತಕ್ಷಣ ಕಾಲಿಗೆ ಬುದ್ಧಿ ಹೇಳಿ. ಗೆಲ್ಲೋದು ಅಂದ್ರೆ ಅವನನ್ನ ಕೆಡವೋದಲ್ಲ, ನೀವು ಕ್ಷೇಮವಾಗಿ ಮನೆ ಸೇರೋದು."

ಆಮೇಲೆ ಒಬ್ಬೊಬ್ಬರೇ ಎದ್ದು ಕೂಗಬೇಕಂತೆ. ಬೊಕ್‌ಸಿಲ್ ಅಕ್ಕ "ತೊಲಗೋ ಮುಂಡೇದೇ!" ಅಂದದ್ದಕ್ಕೆ ಪಕ್ಕದ ಕೋಣೆಯ ಗಡಿಯಾರ ಬಿತ್ತು ಅಂತಾಳೆ. ಸುಳ್ಳು, ಆದರೂ ಜೋರಾಗಿತ್ತು. ನನ್ನ ಸರದಿ ಬಂತು. ಬಾಯಿ ತೆರೆದೆ, ಮುಚ್ಚಿದೆ. ಕೊನೆಗೆ ಬಂದದ್ದು ಇಷ್ಟು: "ಸ್ವಲ್ಪ... ದೂರ ಹೋಗ್ತೀರಾ?"

"ಹೋಗೋ ಮುಂಚೆ ಕಾಫಿ ಕುಡೀತಾರಾ ಅಂತಲೂ ಕೇಳಿ ಮಾಲ್‌ಹೀ ಅವ್ರೇ" ಅಂದಳು ಟೀಚರ್. ಎಲ್ಲರೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು. ನಗಲಿ. ಮೂವತ್ತೈದು ವರ್ಷ ನಮ್ಮಿಬ್ಬರ ಪಾಲಿನ ಕೂಗಾಟವನ್ನೂ ನಮ್ಮೆಜಮಾನರೊಬ್ಬರೇ ಮುಗಿಸಿದರು, ನಂಗೆಲ್ಲಿ ಅಭ್ಯಾಸ ಆಗಬೇಕು?

ಬೀಗ ಮೂರು ಸಲ. ಕತ್ತರಿ ಇದೆ.

ಅಕ್ಟೋಬರ್ 13, ಶುಕ್ರವಾರ

ಮಳೆ. ಎರಡು ಜಿಪ್, ಒಂದು ಶಾಲೆ ಲಂಗ. ಬೆಳಿಗ್ಗೆ ಹೊರಗಿನ ಮೆಟ್ಟಿಲು ಗುಡಿಸಿ ಮೇಲೆ ಹೋದರೆ ಬೂಟು ಒಂದೊಂದು ದಿಕ್ಕಿಗೆ ಬಿದ್ದಿತ್ತು. ಒರೆಸಿ, ಜೋಡಿಸಿ, ಮೂತಿ ಹೊರಗೆ ಮಾಡಿ ಇಟ್ಟೆ. ಹೊರಡೋರು ತಿರುಗದೆ ಕಾಲು ಹಾಕ್ಕೊಂಡು ಹೋಗಲಿ ಅಂತ ನಮ್ಮಮ್ಮ ಕಲಿಸಿದ್ದು, ಮದುವೆಯಾದಂದಿನಿಂದ ದಿನಾ ಮಾಡಿದ್ದು. ಕೈ ಕೇಳೋದಿಲ್ಲ. ಇನ್ನು ದಿನಾ ಗುಡಿಸುವಾಗ ಇದೂ ಒಂದು ಕೆಲಸ.

ಬೀಗ ಮೂರು ಸಲ.

ಅಕ್ಟೋಬರ್ 17, ಮಂಗಳವಾರ

ಇವತ್ತು ನಾನೇ ಮೊದಲು! ಮಣಿಕಟ್ಟು ಯಾರಾದರೂ ಹಿಡಿದರೆ ಬಿಡಿಸಿಕೊಳ್ಳೋದು ಕಲಿಸಿದಳು. ಎಲ್ಲರೂ ಹಿಂದಕ್ಕೆ ಎಳೆದು ಎಳೆದು ಸುಸ್ತಾದರು. ನಾನು ನೋಡಿದೆ: ಹಿಡಿದ ಕೈಯಲ್ಲಿ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂದೇ ಇನ್ನೊಂದು ಕಡೆ. ಹೊಲಿಗೆ ಬಿಚ್ಚೋಳಿಗೆ ಇದು ಹೇಳಿಕೊಡಬೇಕಾ? ಗಟ್ಟಿ ಹೊಲಿಗೆಯ ಕಡೆ ಎಳೆದರೆ ಬಟ್ಟೆ ಹರಿಯುತ್ತೆ, ಕಚ್ಚಾ ಹೊಲಿಗೆ ಎಲ್ಲಿದೆಯೋ ಅಲ್ಲಿಂದ ಬಿಚ್ಚಬೇಕು. ಹೆಬ್ಬೆರಳಿನ ಕಡೆಗೆ ತಿರುಗಿಸಿ ಎಳೆದೆ, ಸರಕ್ಕನೆ ಬಂತು.

"ಎಲ್ರೂ ಮಾಲ್‌ಹೀ ಅವ್ರನ್ನ ನೋಡಿ!" ಅಂದಳು ಟೀಚರ್. ಶಾಲೆಯಲ್ಲಿ ಒಂದು ದಿನಾನೂ ಯಾರೂ ಹೀಗಂದಿರಲಿಲ್ಲ.

ಸೋದಾಮ್ ಹತ್ತು ಸಲ ಮಾಡಿದರೂ ಬರಲಿಲ್ಲ. "ಇನ್ನೊಂದ್ಸಲ ತೋರ್ಸಿ ದೊಡ್ಡಮ್ಮಾ" ಅಂದಳು. ದೊಡ್ಡಮ್ಮ ಅಂದಳು. ಅಂದದ್ದು ಅವಳಿಗೇ ಗೊತ್ತಾಗಲಿಲ್ಲ ಅನಿಸುತ್ತೆ. ನಾನೂ ಏನೂ ಹೇಳಲಿಲ್ಲ, ಹೇಳಿದರೆ ನಿಲ್ಲಿಸಿಬಿಡ್ತಾಳೆ. ಬರುವಾಗ ಬೀದಿ ಬದಿ ಬಿಸಿ ಮೀನು ಬಿಲ್ಲೆ ತಿಂದ್ವಿ, ಸಾರು ಎರಡು ಲೋಟ ಕುಡಿದ್ವಿ.

ಬೀಗ ನೋಡಿದೆ, ಎರಡು ಸಲ. ದೀಪ.

ಅಕ್ಟೋಬರ್ 26, ಗುರುವಾರ

ಇಸ್ತ್ರಿ ಯಂತ್ರದ ಹಬೆ ಬುಸ್ ಅನ್ನುವಾಗ ಯಾರಿಗೂ ಕೇಳಿಸೋದಿಲ್ಲ ಅಂತ ಅಂಗಡಿಯಲ್ಲೇ ಕೂಗೋ ಅಭ್ಯಾಸ ಮಾಡ್ತಿದ್ದೀನಿ. ಇವತ್ತು "ದೂರ ಹೋಗು!" ಅನ್ನೋದಕ್ಕೂ ಹಬೆ ನಿಲ್ಲೋದಕ್ಕೂ ಪೋಸ್ಟ್‌ಮ್ಯಾನ್ ಬಾಗಿಲು ತೆಗೆಯೋದಕ್ಕೂ ಸರಿಹೋಯ್ತು. ಪಾಪ, ಕಾಗದ ಹೊಸ್ತಿಲ ಮೇಲಿಟ್ಟು ಹಿಂದೆ ಹಿಂದೆ ನಡೆದು ಹೋದ. ನಾಳೆ ಅವನಿಗೆ ಏನಾದರೂ ತಿನ್ನಕ್ಕೆ ಕೊಡಬೇಕು.

ಅಕ್ಟೋಬರ್ 31, ಮಂಗಳವಾರ

ತರಗತಿ ಮುಗಿದ ಮೇಲೆ ಬಾರ್ಲಿ ಟೀ ಕುಡೀತಾ ಕೂತಿದ್ವಿ. ಬೊಕ್‌ಸಿಲ್ ಅಕ್ಕ ಹತ್ತೊಂಬತ್ತನೇ ವಯಸ್ಸಲ್ಲಿ ಬಸ್ ಕಂಡಕ್ಟರ್ ಆಗಿದ್ದಾಗ ಟೋಪಿಯಲ್ಲಿ ಪಿನ್ನು ಸಿಕ್ಕಿಸ್ಕೊಂಡಿರ್ತಿದ್ದಳಂತೆ. ಮೈಗೆ ಕೈ ಹಾಕಿದವನಿಗೆ ಒಂದು ಚುಚ್ಚು, ಬಾಯಲ್ಲಿ "ಟಿಕೆಟ್ ಟಿಕೆಟ್". ಎಲ್ಲರೂ ನಕ್ಕರು.

ಆ ನಗುವಿನ ಮಧ್ಯೆ ನನ್ನ ಬಾಯಿಂದಲೂ ಒಂದು ಮಾತು ಜಾರಿತು. ಇಪ್ಪತ್ತನೇ ವಯಸ್ಸಿಗೆ ಬಟ್ಟೆ ಕಾರ್ಖಾನೆಯಲ್ಲಿದ್ದೆ. ಮೇಸ್ತ್ರಿ ಹಿಂದಿಂದ ಬಂದು ಕತ್ತಿನ ಮೇಲೆ ಕೈ ಇಡ್ತಿದ್ದ. ಒಂದು ಸಲ ಬೇಡಿ ಅಂದೆ. "ಯಾಕೆ ಕೂಗ್ತೀಯ, ಪಕ್ಕದೋರು ಏನಂದ್ಕೋತಾರೆ" ಅಂದ. ಅಲ್ಲಿಗೆ ಬಾಯಿ ಮುಚ್ಚಿದೆ. ಎರಡು ವರ್ಷ ಅದೇ ಯಂತ್ರದ ಮುಂದೆ ಕತ್ತು ಬಗ್ಗಿಸಿ ಕೂತೆ. ನಮ್ಮವರಿಗೂ ಹೇಳಿದವಳಲ್ಲ.

ಮಾ ಟೀಚರ್ ನನ್ನ ಲೋಟಕ್ಕೆ ಟೀ ಹಾಕಿದಳು. "ಅವತ್ತು ಬಾಯಿ ಮುಚ್ಚಿದ್ದು ನಿಮ್ಮ ತಪ್ಪಲ್ಲ. ಬದುಕೋಕೆ ಅವತ್ತು ಗೊತ್ತಿದ್ದ ದಾರಿ ಅದೊಂದೇ. ನಾಚಿಕೆ ಆಗ್ಬೇಕಾದ್ದು ಅವನಿಗೆ." ಸೋದಾಮ್ ದಾರಿಯುದ್ದಕ್ಕೂ ನನ್ನ ತೋಳು ಹಿಡ್ಕೊಂಡೇ ಬಂದಳು. ಮೆಟ್ಟಿಲ ಹತ್ತಿರ ಬಂದರೂ ಬಿಡಲಿಲ್ಲ.

ಏನೋ ಹಗುರ ಅನಿಸ್ತಿದೆ. ಇಷ್ಟೊಂದು ಬರೆದುಬಿಟ್ಟೆ, ಕೈ ನೋವು.

ನವೆಂಬರ್ 16, ಗುರುವಾರ

ಚಳಿ ಶುರುವಾಗಿದೆ. ಎಲ್ಲರ ಕೋಟೂ ಒಂದೇ ಸಲ ಬಂದು ಬಿದ್ದಿವೆ. ತಾಕ್ ಅವರು ಬೂದು ಪ್ಯಾಂಟು ತಂದರು, ಉದ್ದ ಎರಡಂಗುಲ ಮಡಿಸಬೇಕಂತೆ. ಸೊಂಟ ಮೂವತ್ತಾರು. ಕಿತ್ತಳೆ ಚೆನ್ನಾಗಿದ್ದವು, ಅರ್ಧ ಸೋದಾಮ್‌ಗೆ ಕೊಟ್ಟೆ. ಬಾಗಿಲಿನ ನಂಬರ್ ಒತ್ತಿದ ಸದ್ದು ಈ ತಿಂಗಳೆಲ್ಲ ಕೇಳಿಲ್ಲ ಅಂದಳು. ಬೂಟು ಕೆಲಸ ಮಾಡಿದೆ.

ನವೆಂಬರ್ 22, ಬುಧವಾರ

ಅಕ್ಷರ ನೆಟ್ಟಗೆ ಬರ್ತಿಲ್ಲ.

ತಾಕ್ ಪ್ಯಾಂಟು ತಗೊಳ್ಳೋಕೆ ಬಂದ. ಹಾಕಿ ನೋಡಿದ, ಅಂಚಿಗೆ ಪಿನ್ನು ಹಾಕ್ತಾ ನಾನು ಅವನ ಕಾಲ ಬುಡದಲ್ಲಿ ಕೂತಿದ್ದೆ. ಬಾಯಲ್ಲಿ ಮೂರು ಪಿನ್ನು. ಅವನು ಮೇಲಿಂದ ಹೇಳಿದ:

"ಮೇಲಿನ ಮನೆಯೋರು ಭಾರಿ ಶಿಸ್ತಿನ ಮನುಷ್ಯ ಅನ್ಸುತ್ತೆ. ಬೂಟು ದಿನಾ ಅಂಗುಲ ಅಳೆದಿಟ್ಟ ಹಾಗಿರುತ್ತೆ. ಆದ್ರೆ ಆತ ಹೊರಗೇ ಹೋಗಲ್ವಾ?" ಅಂತ ನಕ್ಕ.

ಬಾಯಲ್ಲಿ ಪಿನ್ನಿತ್ತಲ್ಲ, ತಲೆ ಅಲ್ಲಾಡಿಸಿದೆ. ಹೊಲಿದೆ, ಮಡಿಸಿದೆ, ಎರಡೂ ಕೈಯಲ್ಲಿ ಕೊಟ್ಟೆ. "ಮತ್ತೆ ಬನ್ನಿ" ಅಂತಲೂ ಅಂದೆ! ಅವನು ಹೋದ ಮೇಲೆ ಹೊಳೀತು. ಬೂಟು ಇವನಿಗೆ ಕಂಡಿದ್ದೆಲ್ಲಿ?

ಬೀದಿಗೆ ಹೋಗಿ ನಿಂತು ನೋಡಿದೆ. ಕಾಣಲ್ಲ. ಅವನ ಮನೆ ಮುಂದೆ ನಿಂತೆ. ಕಾಣಲ್ಲ, ಗೋಡೆ ಅಡ್ಡ. ಬೊಕ್‌ಸಿಲ್ ಅಕ್ಕನ ಮಾಳಿಗೆ ಹತ್ತಿದೆ, ಅಲ್ಲಿಂದಲೂ ಕಾಣಲ್ಲ. ನಮ್ಮ ಮೆಟ್ಟಿಲು ಹತ್ತಿದೆ. ಒಂಬತ್ತನೇ ಮೆಟ್ಟಿಲಿಗೆ ಬಂದಾಗ ಬೂಟಿನ ಮೂತಿ ಕಂಡಿತು. ಅಲ್ಲಿವರೆಗೆ ಹತ್ತಿದವರಿಗೆ ಮಾತ್ರ ಕಾಣುತ್ತೆ. ಅವನು ದಿನಾ ಅಂದ.

ತಪ್ಪು ನನ್ನದೇ. ಬದುಕಿರೋ ಗಂಡಸು ಯಾವನು ಬೂಟನ್ನ ದಿನಾ ಜೋಡಿಸಿ, ಮೂತಿ ಹೊರಗೆ ಮಾಡಿ ಇಡ್ತಾನೆ? ಹುಡುಗಿ ಚೆಲ್ಲಾಪಿಲ್ಲಿಯಾಗಿ ಬಿಟ್ಟಿದ್ದೇ ಸರಿಯಾಗಿತ್ತು. ಒಳ್ಳೆ ಹೆಂಡತಿ ಆಗೋಕೆ ಹೋಗಿ, ಮನೇಲಿ ಗಂಡಸಿಲ್ಲ ಅಂತ ನಾನೇ ಬೋರ್ಡು ಹಾಕಿದ ಹಾಗಾಯ್ತು.

ಬೀಗ ನಾಲ್ಕು ಸಲ. ಎಲ್ಲಾ ದೀಪ.

ನವೆಂಬರ್ 23, ಗುರುವಾರ

ಬೆಳಿಗ್ಗೆ ಸೋದಾಮ್ ಬರೋದನ್ನೇ ಕಾದು ಎಲ್ಲಾ ಹೇಳಿದೆ. ಬಣ್ಣ ಹೋಯ್ತು ಹುಡುಗಿಗೆ. ಇಬ್ಬರೂ ಪೊಲೀಸ್ ಚೌಕಿಗೆ ಹೋದ್ವಿ. ಚಿಕ್ಕ ವಯಸ್ಸಿನ ಪೊಲೀಸು, ಒಳ್ಳೆಯವನೇ. ಬರೀ ಅನುಮಾನದ ಮೇಲೆ ಹಿಡಿಯೋಕಾಗಲ್ಲ, ಗಸ್ತು ಹೆಚ್ಚು ಮಾಡ್ತೀವಿ, ಕ್ಯಾಮೆರಾ ಹಾಕ್ಸಿ, ಏನೇ ಆದ್ರೂ ತಕ್ಷಣ ಫೋನ್ ಮಾಡಿ ಅಂದ. ಕ್ಯಾಮೆರಾದವನು ಸೋಮವಾರ ಬರ್ತಾನಂತೆ. ಬೀಗದ ನಂಬರ್ ಬದಲಾಯಿಸಿದ್ವಿ, ಬೆರಳ ಗುರುತು ಕಾಣಬಾರದು ಅಂತ ಗುಂಡಿಗಳನ್ನ ಒರೆಸಿದ್ವಿ, ಒಳಗೊಂದು ಸರಪಳಿ ಹಾಕಿಸಿದ್ವಿ.

"ಅಮ್ಮಂಗೆ ಹೇಳ್ಬೇಕಾ ದೊಡ್ಡಮ್ಮಾ?"

"ಹೇಳು. ನಾವು ಮುಚ್ಚಿಟ್ಟಷ್ಟೂ ಅವನಿಗೇ ಅನುಕೂಲ." ಈ ಮಾತು ನಾನಾಡಿದ್ದಾ ಅಂತ ನಂಗೇ ಆಶ್ಚರ್ಯ.

ಅಮ್ಮ ಫೋನಲ್ಲಿ ಅತ್ತಳು. ಡಿಸೆಂಬರ್ ಮೂರಕ್ಕೆ, ಭಾನುವಾರ, ಪೆಟ್ಟಿಗೆ ತಗೊಂಡು ಬರ್ತಾಳಂತೆ. ಕರ್ಕೊಂಡೇ ಹೋಗ್ತಾಳಂತೆ. ತಾಯಿ ಹೊಟ್ಟೆ, ಏನಂತ ತಪ್ಪು ಹೇಳಲಿ? ಆದರೆ ಹುಡುಗಿ ಹೋದರೆ... ಬೇಡ, ಅದನ್ನ ಬರೆಯಲ್ಲ.

ಬೊಕ್‌ಸಿಲ್ ಅಕ್ಕನಿಗೆ ಹೇಳಿದೆ, ಅಂದರೆ ಬೀದಿಗೆಲ್ಲಾ ಹೇಳಿದ ಹಾಗೆ. ಮಾ ಟೀಚರ್‌ಗೆ ಫೋನ್ ಮಾಡಿದೆ. "ಅವನ ಮುಂದೆ ಧೈರ್ಯ ತೋರ್ಸೋಕೆ ಹೋಗ್ಬೇಡಿ. ದೂರ, ದನಿ, ದಾರಿ. ಕೂಗೋವಾಗ ಸುಮ್ನೆ ಅಯ್ಯೋ ಅನ್ಬೇಡಿ. ಯಾರು, ಏನು ಹಾಕ್ಕೊಂಡಿದಾನೆ, ಏನು ಮಾಡ್ತಿದಾನೆ, ಎಲ್ಲಾ ಕೂಗಿ ಹೇಳಿ. ಆಗ ಜನಕ್ಕೆ ತಿಳಿಯುತ್ತೆ, ಅವನಿಗೂ ತಿಳಿಯುತ್ತೆ."

ಇವತ್ತು ಹುಡುಗಿಗೆ ರಜಾ, ನನ್ನ ಕೋಣೆಯಲ್ಲೇ ಮಲಗಿದ್ದಾಳೆ. ಇಷ್ಟು ತೆಳ್ಳಗಿದ್ದುಕೊಂಡು ಏನು ಗೊರಕೆ! ಬೀಗ ನಾನೊಂದು ಸಲ ನೋಡಿದೆ, ಅವಳೊಂದು ಸಲ.

ನವೆಂಬರ್ 26, ಭಾನುವಾರ

ನಿನ್ನೆ ಬರೆಯೋಕಾಗಲಿಲ್ಲ. ಇವತ್ತೂ ಗಂಟಲು ಪೂರ್ತಿ ಕಟ್ಟಿದೆ, ಅದಕ್ಕೇ ಕೈಯಲ್ಲಿ ಮಾತಾಡ್ತೀನಿ.

ನಿನ್ನೆ ಬೊಕ್‌ಸಿಲ್ ಅಕ್ಕನ ಮನೆಯಲ್ಲಿ ಚಳಿಗಾಲದ ಕಿಮ್ಚಿ ಹಾಕೋ ದಿನ. ನೂರಿಪ್ಪತ್ತು ಕೋಸು. ತರಗತಿಯ ಎಂಟು ಜನ, ಮಾ ಟೀಚರ್ ಸಮೇತ, ಅಂಗಳದಲ್ಲಿ ಕೂತು ಮೊಣಕೈವರೆಗೆ ಕೆಂಪು ಕೈಗವಸು ಹಾಕ್ಕೊಂಡು ಖಾರ ಹಚ್ಚುತ್ತಿದ್ದೆವು. ಸೋದಾಮ್ ರಾತ್ರಿ ಪಾಳಿ ಮುಗಿಸಿ ಬಂದಳು. ನನ್ನ ಕೋಣೆಯಲ್ಲೇ ಮಲಗು ಅಂದೆ. "ಹಗಲು ತಾನೇ ದೊಡ್ಡಮ್ಮಾ. ಎದುರಿಗೇ ನೀವೆಲ್ಲಾ ಇದೀರಿ. ಹೆದರಿ ಎಷ್ಟು ದಿನ ಅಂತ ನನ್ನ ಹಾಸಿಗೆ ಬಿಟ್ಟಿರಲಿ?" ಅಂದಳು. ಅದೂ ಸರಿಯೇ. ಮೇಲೆ ಹೋಗಿ ಸರಪಳಿ ಹಾಕ್ಕೊಂಡಳು.

ಹನ್ನೊಂದರ ಹೊತ್ತಿಗೆ ಕೋಸು ತುಂಬೋಕೆ ಪಾತ್ರೆ ಸಾಲದೆ ಹೋಯ್ತು. ನಮ್ಮ ಮೆಟ್ಟಿಲ ಕೆಳಗೆ ದೊಡ್ಡ ರಬ್ಬರ್ ಟಬ್ ಇದೆ, ತರ್ತೀನಿ ಅಂತ ಕೈಗವಸು ಕಳಚಿಟ್ಟು ಬಂದೆ. ಮೊದಲ ಮೆಟ್ಟಿಲ ಹತ್ತಿರ ಒಂದು ಜೊತೆ ಗಂಡಸರ ಶೂ ಬಿಟ್ಟಿತ್ತು.

ನನ್ನ ಬುದ್ಧಿಗೆ ಏನನ್ನಬೇಕು! ಶೂ ಕಂಡ ತಕ್ಷಣ ಬಗ್ಗಿದೆ. ಒಂದನ್ನ ಕೈಗೆ ತಗೊಂಡು ಮೂತಿ ಹೊರಗೆ ತಿರುಗಿಸೋಕೆ ಹೊರಟಿದ್ದೆ. ಆಗ ಮೇಲಿಂದ ಕೇಳಿಸಿತು: ಟಕ್, ಟಕ್, ಟಕ್.

ತಲೆ ಎತ್ತಿದರೆ ಬೂದು ಪ್ಯಾಂಟು. ಕಾಲುಚೀಲ. ಸದ್ದಾಗಬಾರದು ಅಂತ ಶೂ ಬಿಚ್ಚಿಟ್ಟು ಹತ್ತಿದ್ದಾನೆ. ಪ್ಯಾಂಟಿನ ಅಂಚು ನಾನೇ ಮಡಿಸಿ ಹೊಲಿದದ್ದು. ಬಾಗಿಲ ಒಳಗೆ ನಮ್ಮ ಹುಡುಗಿ ಮಲಗಿದ್ದಾಳೆ.

ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಇನ್ನೊಮ್ಮೆ ತೆರೆದೆ, ಕಿಚ್ ಅಂತು. ಎರಡು ಹೆಜ್ಜೆ ಹಿಂದೆ ಹೋದೆ, ಟೀಚರ್ ಹೇಳಿದ ಹಾಗೆ. ಕಾಲು ಅಗಲ ಮಾಡಿ ನಿಂತೆ. ಆಮೇಲೆ ಅದು ಎಲ್ಲಿಂದ ಬಂತೋ ಗೊತ್ತಿಲ್ಲ:

"ತಾಕ್! ಮೂರನೇ ಮನೆ ತಾಕ್! ಬೂದು ಪ್ಯಾಂಟು! ಸೊಂಟ ಮೂವತ್ತಾರು, ಎರಡಂಗುಲ ಮಡಿಸಿದ್ದು! ಆ ಬಾಗಿಲಿಂದ ಕೈ ತೆಗಿಯೋ! ಹುಡುಗಿ ಮನೆ ಬೀಗ ಒತ್ತುತಾ ಇದಾನೆ! ಇಳಿಯೋ ಕೆಳಗೆ!"

ಅವನು ತಿರುಗಿದ. ಓಡ್ತಾನೆ ಅಂದ್ಕೊಂಡೆ. ನಗ್ತಾ ಇಳಿದು ಬಂದ. ಅಂಗಡಿಗೆ ಬರೋವಾಗಿನ ಅದೇ ಮರ್ಯಾದೆಯ ನಗು. "ಅಮ್ಮಾವ್ರೇ, ಯಾಕೆ ಹೀಗೆ ಕೂಗ್ತೀರಿ? ಪಕ್ಕದ ಮನೆಯೋರು ಏನಂದ್ಕೋತಾರೆ?"

ನಲವತ್ತು ವರ್ಷದ ಹಿಂದಿನ ಅದೇ ಮಾತು. ಅದೇ ಮೆತ್ತನೆ ದನಿ.

"ಅಂದ್ಕೊಳ್ಳಲಿ! ಎಲ್ರೂ ಬಂದು ಅಂದ್ಕೊಳ್ಳಲಿ! ಬನ್ರೇ ಎಲ್ರೂ!"

ಮಣಿಕಟ್ಟು ಹಿಡಿದ. ನಗು ಹೋಗಿತ್ತು. ಹೆಬ್ಬೆರಳು ಎಲ್ಲಿದೆ ಅಂತ ನೋಡೋಕೂ ಹೋಗಲಿಲ್ಲ, ಕೈಗೆ ತಾನೇ ಗೊತ್ತಾಯ್ತು. ತಿರುಗಿಸಿ ಎಳೆದೆ, ಸರಕ್ಕನೆ ಬಿಟ್ಟುಬಂತು. ಮತ್ತೆ ಹಿಂದಕ್ಕೆ ಸರಿದು ಮತ್ತೆ ಕೂಗಿದೆ.

ಅಷ್ಟರಲ್ಲಿ ಬೀದಿ ದಾಟಿ ಬಂದರು ಎಲ್ಲಾ. ಮೊಣಕೈವರೆಗೆ ಕೆಂಪು ಖಾರ ಸುರೀತಿರೋ ಏಳು ಹೆಂಗಸರು. ಮುಂದೆ ಬೊಕ್‌ಸಿಲ್ ಅಕ್ಕ, "ಯಾವನೇ ಅವನು? ಈ ಕೈ ಅವನ ಕಣ್ಣಿಗೆ ಒಂದ್ಸಲ ಸವರ್ತೀನಿ ತಡಿ!" ಮಾ ಟೀಚರ್ ಅವಳ ಸೊಂಟ ಹಿಡಿದು ನಿಲ್ಲಿಸಿದಳು. "ಯಾರೂ ಹತ್ರ ಹೋಗ್ಬೇಡಿ. ದಾರಿ ಬಿಡಿ. ಓಡಿದ್ರೆ ಓಡ್ಲಿ, ಕೆಳಗೆ ಪೊಲೀಸ್ ಬರ್ತಿದಾರೆ."

ಮೇಲಿಂದ ಸೋದಾಮ್ ಪೊಲೀಸರಿಗೆ ಫೋನ್ ಮಾಡಿಬಿಟ್ಟಿದ್ದಳು. ಬಾಗಿಲು ತೆಗೆದಿರಲಿಲ್ಲ, ಜಾಣೆ. ತಾಕ್ ಸುತ್ತ ನೋಡಿದ. ಮೇಲಿಂದ ಕೆಳಗಿನವರೆಗೆ ಬೀದಿಯಲ್ಲಿ ಒಂದೊಂದು ಬಾಗಿಲೂ ತೆರೆದಿತ್ತು. ಆಗ ನನ್ನ ಕಡೆ ತಿರುಗಿ, "ನನ್ನ ಶೂ ಕೊಡಿ" ಅಂದ. ಅಷ್ಟು ಹೊತ್ತೂ ಅವನ ಒಂದು ಶೂ ನನ್ನ ಎಡಗೈಯಲ್ಲೇ ಇತ್ತು! ಬೊಕ್‌ಸಿಲ್ ಅಕ್ಕ ಇನ್ನೊಂದನ್ನ ಎತ್ಕೊಂಡು, "ಬಾ ತಗೋ" ಅಂದಳು. ಅವನು ಬರಲಿಲ್ಲ. ಕಾಲುಚೀಲದಲ್ಲಿ ಮೊದಲ ಮೆಟ್ಟಿಲ ಮೇಲೆ ಕೂತ. ಪೊಲೀಸರು ಬರೋ ಹೊತ್ತಿಗೂ ಹಾಗೇ ಕೂತಿದ್ದ. ಅವನ ಫೋನಿನಲ್ಲಿ ನಮ್ಮ ಮೆಟ್ಟಿಲು, ಸೋದಾಮ್ ಬರೋದು ಹೋಗೋದು, ಎಲ್ಲಾ ಇತ್ತಂತೆ. ಮೊನ್ನೆಯ ಆ ಚಿಕ್ಕ ಪೊಲೀಸು ನನಗೆ ತಲೆ ಬಗ್ಗಿಸಿ ಹೋದ.

ಆಮೇಲೆ ಹುಡುಗಿ ಇಳಿದು ಬಂದಳು. ನನ್ನ ಅಪ್ಪಿಕೊಂಡು ಬಿಡಲೇ ಇಲ್ಲ. "ಬಾಗಿಲ ಹಿಂದೆ ನಿಂತಿದ್ದೆ ದೊಡ್ಡಮ್ಮಾ. ಫೋನ್ ಕೈಯಲ್ಲಿದ್ರೂ ಬೆರಳು ಆಡ್ತಿರಲಿಲ್ಲ. ನಿಮ್ಮ ದನಿ ಕೇಳಿದ್ಮೇಲೇ ಆಡಿದ್ದು." ನಾನು ಅತ್ತೆ, ಅವಳು ಅತ್ತಳು. ಬೊಕ್‌ಸಿಲ್ ಅಕ್ಕ ಖಾರದ ಕೈಯಲ್ಲೇ ಕಣ್ಣು ಒರೆಸ್ಕೊಂಡು ನಮ್ಮಿಬ್ಬರಿಗಿಂತ ಜೋರಾಗಿ ಅತ್ತಳು.

ಕೋಸು ಕಾಯುತ್ತಾ? ಸಂಜೆವರೆಗೆ ಕೂತು ನೂರಿಪ್ಪತ್ತೂ ಮುಗಿಸಿದ್ವಿ.

ನವೆಂಬರ್ 28, ಮಂಗಳವಾರ

ತರಗತಿ. ದನಿ ಇನ್ನೂ ಬಂದಿಲ್ಲ. "ಇವತ್ತು ಮಾಲ್‌ಹೀ ಅವ್ರಿಗೆ ಕೂಗೋದ್ರಿಂದ ರಜಾ" ಅಂದಳು ಟೀಚರ್. ಕಾಫಿಯ ವಿಷಯ ಎತ್ತಲಿಲ್ಲ. ಹೊಸದಾಗಿ ಐದು ಜನ ಸೇರಿದ್ದಾರೆ.

ಡಿಸೆಂಬರ್ 3, ಭಾನುವಾರ

ಸೋದಾಮ್ ಅಮ್ಮ ಬಂದಳು. ಕೈಯಲ್ಲಿ ಮಡಿಸಿದ ನಾಲ್ಕು ಪೆಟ್ಟಿಗೆ, ಬೆನ್ನಿಗೆ ಒಂದು ಚೀಲ ಸಿಂಪಿ. ನನಗಿಂತ ಚಿಕ್ಕವಳು, ಕೈ ನನಗಿಂತ ಒರಟು. ಕೂತ್ಕೊಳ್ಳಿ ಅಂದರೆ ಕೂರಲಿಲ್ಲ. "ಉಪಕಾರ ಮರೆಯಲ್ಲ ಅಕ್ಕಾ. ಆದ್ರೆ ಕರ್ಕೊಂಡು ಹೋಗ್ತೀನಿ. ಇವಳನ್ನ ಇಲ್ಲಿ ಕಾಯೋರು ಯಾರು?"

ನಾನು ಕಾಯ್ತೀನಿ ಅನ್ನೋಣ ಅನಿಸಿತು. ಆದರೆ ಸುಳ್ಳು ಹೇಳಿ ಸಾಕಾಗಿದೆ. "ನಾನೊಬ್ಳೇ ಕಾಯೋದಲ್ಲ ತಂಗೀ. ಅವ್ಳೂ ನನ್ನ ಕಾಯ್ತಾಳೆ" ಅಂದೆ.

ಸೋದಾಮ್ ಅಮ್ಮನ ಮುಂದೆ ಕೈ ಚಾಚಿದಳು. "ಅಮ್ಮಾ, ಹಿಡಿ. ಗಟ್ಟಿಯಾಗಿ ಹಿಡಿ, ಊರಿಗೆ ಎಳ್ಕೊಂಡು ಹೋಗೋ ಹಾಗೆ ಹಿಡಿ." ದಿನಾ ಸಿಂಪಿ ಬಿಡಿಸೋ ಕೈ, ಕೇಳಬೇಕಾ? ಹುಡುಗಿಯ ಬೆರಳು ಬೆಳ್ಳಗಾದವು. ತರಗತಿಯಲ್ಲಿ ಒಂದು ಸಲವೂ ಬಾರದ್ದು ಅವಳಿಗೆ. ಒಂದು ಸಲ ನನ್ನ ಮುಖ ನೋಡಿದಳು, ತಿರುಗಿಸಿದಳು, ಸರಕ್ಕನೆ ಬಿಡಿಸಿಕೊಂಡಳು.

ಅಮ್ಮ ತನ್ನ ಖಾಲಿ ಕೈ ನೋಡ್ತಾ ನಿಂತಳು. ಆಮೇಲೆ ಮೆಲ್ಲಗೆ, "ನಂಗೂ ತೋರ್ಸು" ಅಂದಳು. ಸಂಜೆವರೆಗೆ ಅಂಗಡಿಯಲ್ಲಿ ಮೂರು ಜನ ಕೈ ಹಿಡಿಯೋದು ಬಿಡಿಸೋದು, ಹಿಡಿಯೋದು ಬಿಡಿಸೋದು. ಪೆಟ್ಟಿಗೆ ಖಾಲಿ ಹೋಗಲಿಲ್ಲ. ನಾಲ್ಕಕ್ಕೂ ಕಿಮ್ಚಿ ತುಂಬಿ, ಬಸ್ಸಿಗೆ ಹತ್ತಿಸಿ ಬಂದ್ವಿ.

ವಾಪಸ್ ಬಂದ ಮೇಲೆ ಸೋದಾಮ್ ಮೇಲಿಂದ ಬೂಟು ತಂದಳು. ಒರೆಸಿದ್ದಳು. "ದೊಡ್ಡಪ್ಪ ಎರಡು ತಿಂಗಳು ಚಳೀಲಿ ಹೊರಗೇ ನಿಂತಿದ್ರು. ಇನ್ನು ಒಳಗೆ ಕರ್ಕೊಳ್ಳಿ ದೊಡ್ಡಮ್ಮಾ."

ನನ್ನ ಬಾಗಿಲ ಒಳಗೆ ಇಟ್ಟೆ. ರೂಢಿಯಂತೆ ಜೋಡಿಸಿ, ಮೂತಿ ಹೊರಗೆ. ಆಮೇಲೆ ಬಗ್ಗಿ ಎರಡನ್ನೂ ಮೂತಿ ಒಳಗೆ ಮಾಡಿ ತಿರುಗಿಸಿದೆ. ಕೆಲಸ ಮುಗಿಸಿ ಮನೆಗೆ ಬಂದೋರ ಬೂಟು ಹಾಗೆ ಇರುತ್ತೆ. ಇನ್ನು ಎಲ್ಲಿಗೂ ಹೊರಡೋದು ಬೇಡ ರೀ, ಕೂತ್ಕೊಳ್ಳಿ.

ಕತ್ತರಿ ಎಲ್ಲಿಟ್ಟೆನೋ, ಅಂಗಡಿಯಲ್ಲೇ ಇರಬೇಕು. ಕಣ್ಣು ಎಳೀತಿದೆ, ದೀಪ ಆರಿಸ್ತೀನಿ. ಬೀಗ ಹಾಕಿದೆನಾ? ಹಾಕಿರ್ತೀನಿ ಬಿಡು.